ಉಪಗ್ರಹಕ್ಕೆ ಪಾಠ ಹೇಳುವ ಮೇಷ್ಟ್ರು ಯಾರು?

ಮೊನ್ನೆ ನಮ್ಮ ಮೇಷ್ಟ್ರುಗಳ ಗುಂಪಿಗೆ ಒಂದು ವಿಡಿಯೊ ಬಂತು. ಮೂರು ನಿಮಿಷದ್ದು. ಭೂಮಿಯ ಸುತ್ತ ಜೇನುಹುಳುಗಳ ಹಾಗೆ ಉಪಗ್ರಹಗಳು ಸುತ್ತುತ್ತಿವೆ, ಹಿಂದೆ ಒಂದು ಗಂಭೀರ ದನಿ. ಇನ್ನು ಮುಂದೆ ಉಪಗ್ರಹ ಬರೀ ಫೋಟೊ ತೆಗೆಯುವುದಿಲ್ಲವಂತೆ, ತಾನೇ ಯೋಚಿಸುತ್ತದಂತೆ. ಕಾಡಿನಲ್ಲಿ ಕಿಡಿ ಬಿದ್ದರೆ ಕ್ಷಣದಲ್ಲಿ ಹೇಳುತ್ತದಂತೆ, ಕಾಳ್ಗಿಚ್ಚಿನ ಕಾಲ ಮುಗಿಯಿತಂತೆ. ಕೆಳಗೆ ಸಾಲುಸಾಲಾಗಿ ಹೆಬ್ಬೆರಳು, ಕೈಮುಗಿದ ಚಿತ್ರಗಳು. "ಈ ಸಲದ ವಿಜ್ಞಾನ ಮೇಳಕ್ಕೆ ಒಳ್ಳೇ ವಿಷಯ ಸಾರ್" ಅಂತ ಒಬ್ಬರು ಬರೆದರು. ನಾನೂ ಒಂದು ಹೆಬ್ಬೆರಳು ಒತ್ತಲು ಹೋದವನು ಒತ್ತದೆ ಸುಮ್ಮನಾದೆ. ಕುರಂಗಣಿ ನೆನಪಾಯಿತು.

ಕುರಂಗಣಿ ಇರುವುದು ತೇನಿ ಜಿಲ್ಲೆಯಲ್ಲಿ, ಬೋಡಿನಾಯಕನೂರಿನಿಂದ ಆಚೆ, ಬೆಟ್ಟದ ಬುಡದಲ್ಲಿ. 2018ರ ಮಾರ್ಚ್ 11, ಭಾನುವಾರ. ಚೆನ್ನೈಯಿಂದ ಬಂದ ಒಂದು ಚಾರಣದ ಗುಂಪು, ಈರೋಡು-ತಿರುಪ್ಪೂರು ಕಡೆಯಿಂದ ಬಂದ ಇನ್ನೊಂದು ಗುಂಪು, ಮೇಲಿನ ಕೊಳುಕ್ಕುಮಲೈಯಿಂದ ಇಳಿದು ಬರುತ್ತಿದ್ದಾಗ ಒಣಹುಲ್ಲಿನ ಬೆಂಕಿಗೆ ಸಿಕ್ಕಿಬಿದ್ದವು. ಅವರಲ್ಲಿ ಬಹಳ ಮಂದಿ ಹೆಣ್ಣುಮಕ್ಕಳು. ಮೊದಲು ಓಡಿ ಹೋಗಿ ಹೊತ್ತು ತಂದವರು ಊರಿನ ಜನ. ವಾಯುಪಡೆಯ ಹೆಲಿಕಾಪ್ಟರುಗಳು, ಕಮಾಂಡೊಗಳು ಬಂದದ್ದು ಆಮೇಲೆ. ಅಲ್ಲಿ ಸತ್ತವರು, ಆಸ್ಪತ್ರೆಯಲ್ಲಿ ದಿನಗಳ ಕಾಲ ನರಳಿ ಸತ್ತವರು ಸೇರಿ ಇಪ್ಪತ್ತಕ್ಕೂ ಹೆಚ್ಚು ಜೀವ ಹೋಯಿತು. ನಮ್ಮ ತಾಳವಾಡಿಯೂ ಈರೋಡು ಜಿಲ್ಲೆಗೇ ಸೇರಿದ್ದು. ಹಾಗಾಗಿ ಆ ವಾರವೆಲ್ಲ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಬೇರೆ ಮಾತೇ ಇರಲಿಲ್ಲ.

ಆ ದಿನ ಆಕಾಶದಲ್ಲಿ ಕಣ್ಣು ಇರಲಿಲ್ಲವೇ? ಧಾರಾಳವಾಗಿ ಇತ್ತು. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ 2004ರಿಂದಲೇ ಅಮೆರಿಕದ ಉಪಗ್ರಹಗಳ ಮಾಹಿತಿ ಪಡೆದು ಕಾಳ್ಗಿಚ್ಚಿನ ಎಚ್ಚರಿಕೆ ಕಳಿಸುತ್ತಿದೆ. ಮೊದಲು ಒಂದು ಚುಕ್ಕೆ ಅಂದರೆ ನೆಲದ ಮೇಲೆ ಒಂದು ಕಿಲೋಮೀಟರ್ ಅಗಲ. 2017ರಿಂದ 375 ಮೀಟರ್ ಚುಕ್ಕೆಯ ಇನ್ನೊಂದು ಉಪಕರಣವೂ ಸೇರಿಕೊಂಡಿತು. ಆದರೆ ಈ ಉಪಗ್ರಹಗಳು ಧ್ರುವದಿಂದ ಧ್ರುವಕ್ಕೆ ಸುತ್ತುವಂಥವು. ನಮ್ಮ ತಲೆಯ ಮೇಲೆ ದಿನಕ್ಕೆ ಕೆಲವೇ ಸಲ ಹಾದುಹೋಗುತ್ತವೆ. ನಡುವೆ ಹೊತ್ತಿಕೊಂಡ ಬೆಂಕಿ ಅವುಗಳ ಲೆಕ್ಕಕ್ಕೆ ಬರುವ ಹೊತ್ತಿಗೆ ಆಗುವುದೆಲ್ಲ ಆಗಿರುತ್ತದೆ. ಅದೂ ಮಾರ್ಚ್ ತಿಂಗಳ ಬೆಟ್ಟದ ಹುಲ್ಲು, ಗಾಳಿ ಬೇರೆ… ಅದಕ್ಕೆ ಗಂಟೆಗಟ್ಟಲೆ ಬೇಕಿಲ್ಲ. ಒಂದೇ ಜಾಗದ ಮೇಲೆ ಸದಾ ನಿಂತು ನೋಡುವ ಇನ್ಸಾಟ್ ಉಪಗ್ರಹಗಳು ಅರ್ಧ ಗಂಟೆಗೊಮ್ಮೆ ನೋಡುತ್ತವೆ ನಿಜ, ಆದರೆ ಶಾಖ ನೋಡುವ ಅವುಗಳ ಚುಕ್ಕೆ ನಾಲ್ಕು ಕಿಲೋಮೀಟರಿನದು. ಇವೆರಡರ ನಡುವಿನ ಕೊರತೆಯನ್ನು ಒಂದಷ್ಟು ತುಂಬಬಹುದಾಗಿದ್ದ ನಮ್ಮದೇ ಉಪಗ್ರಹ, ಇಒಎಸ್-03, 2021ರ ಆಗಸ್ಟ್ 12ರಂದು ರಾಕೆಟ್ಟಿನ ಕ್ರಯೋಜನಿಕ್ ಹಂತ ಕೈಕೊಟ್ಟು ಸಮುದ್ರದ ಪಾಲಾಯಿತು. ನೋವಾಗುತ್ತದೆ, ಆದರೆ ಅದು ವಿಜ್ಞಾನದ ದಾರಿ, ಬೈಯುವಂಥದ್ದಲ್ಲ.

ಆ ವಿಡಿಯೊ ಹೇಳುವ "ಯೋಚಿಸುವ ಉಪಗ್ರಹ" ಅಂದರೆ ಏನು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮಕ್ಕಳು ಕೇಳಿದರೆ ನಿಮಗೂ ಬೇಕಾಗುತ್ತದೆ. ಇಷ್ಟು ಕಾಲ ಉಪಗ್ರಹ ಅಂಚೆಯವನ ಹಾಗೆ. ಕಂಡದ್ದನ್ನೆಲ್ಲ ಚೀಲಕ್ಕೆ ತುಂಬಿಕೊಂಡು, ನೆಲದ ಕೇಂದ್ರದ ಮೇಲೆ ಬಂದಾಗ ಸುರಿದು ಹೋಗುವುದು. ಬಿಚ್ಚಿ ಓದುವುದು ಕೆಳಗಿನವರ ಕೆಲಸ. ಹೊಸ ಬಗೆಯದು ದಾರಿಯಲ್ಲೇ ಕಾಗದ ಬಿಚ್ಚಿ ಓದುತ್ತದೆ. ಇದು ಬೆಂಕಿ, ತಕ್ಷಣ ಹೇಳು. ಇದು ಮೋಡ, ಬಿಸಾಡು. ಅಲ್ಲೇನೋ ಹೊಗೆ, ಕ್ಯಾಮೆರಾ ಅತ್ತ ತಿರುಗಿಸು. ಅಷ್ಟೇ.

ನಿನ್ನೆ ಮೊನ್ನೆಯ ಮಾತಲ್ಲ ಇದು. 2001ರ ಅಕ್ಟೋಬರ್ 22ರಂದು ಶ್ರೀಹರಿಕೋಟಾದಿಂದ ಹಾರಿದ ನಮ್ಮ ಪಿಎಸ್‌ಎಲ್‌ವಿ-ಸಿ3 ರಾಕೆಟ್ಟು ನಮ್ಮ ಟಿಇಎಸ್ ಜೊತೆಗೆ ಇನ್ನೆರಡು ಪುಟ್ಟ ಉಪಗ್ರಹಗಳನ್ನು ಹೊತ್ತೊಯ್ದಿತು. ಒಂದು ಜರ್ಮನಿಯ ಬರ್ಡ್. ಅದರ ಕೆಲಸವೇ ಬೆಂಕಿ ಹುಡುಕುವುದು, ಚಿತ್ರವನ್ನು ತಾನೇ ವಿಂಗಡಿಸುವ ಪ್ರಯೋಗವೂ ಅದರ ಹೊಟ್ಟೆಯೊಳಗಿತ್ತು. ಇನ್ನೊಂದು ಯುರೋಪಿನ ಪ್ರೋಬಾ. ಕೆಳಗಿನವರ ಅಪ್ಪಣೆಗೆ ಕಾಯದೆ ತನ್ನ ಕೆಲಸ ತಾನೇ ಮಾಡಿಕೊಳ್ಳುವುದನ್ನು ಕಲಿಯಲೆಂದೇ ಕಟ್ಟಿದ್ದು. ಅಂದರೆ ಇವತ್ತಿನ ಈ ಜಾಣ ಮರಿಗಳ ಅಜ್ಜ-ಅಜ್ಜಿಯರನ್ನು ಮೇಲಕ್ಕೆ ಹತ್ತಿಸಿದ್ದು ನಾವೇ! ಇದು ನಮ್ಮ ಪಠ್ಯಪುಸ್ತಕದಲ್ಲಿ ಯಾಕಿಲ್ಲವೋ ಗೊತ್ತಿಲ್ಲ.

ಆಮೇಲೆ ಕೆಲಸ ಜೋರಾಯಿತು. 2020ರಲ್ಲಿ ಯುರೋಪಿನ ಫೈ-ಸ್ಯಾಟ್-1 ಮೋಡ ತುಂಬಿದ ಚಿತ್ರಗಳನ್ನು ಮೇಲೆಯೇ ಗುರುತಿಸಿ ಬಿಸಾಡಿತು. 2025ರ ಮಾರ್ಚಿನಲ್ಲಿ ಫೈರ್‌ಸ್ಯಾಟ್ ಮಾಲೆಯ ಮೊದಲ ಉಪಗ್ರಹ ಹಾರಿತು. ಐವತ್ತಕ್ಕೂ ಹೆಚ್ಚು ಉಪಗ್ರಹ ಸೇರಿದಾಗ ಐದು ಮೀಟರ್ ಅಗಲದ ಬೆಂಕಿಯನ್ನೂ ಇಪ್ಪತ್ತು ನಿಮಿಷಕ್ಕೊಮ್ಮೆ ನೋಡುವ ಗುರಿ. ಅದೇ ವರ್ಷ ಜುಲೈನಲ್ಲಿ ಕಾಗ್ನಿಸ್ಯಾಟ್-6 ಎಂಬುದು ಮುಂದೆ ನೋಡಿ, ಎಲ್ಲಿ ಮೋಡ ಎಲ್ಲಿ ಬಯಲು ಎಂದು ಒಂದೂವರೆ ನಿಮಿಷದೊಳಗೆ ತಾನೇ ತೀರ್ಮಾನಿಸಿತು. ನಮ್ಮಲ್ಲೂ 2024ರ ಡಿಸೆಂಬರ್ ಕೊನೆಯಲ್ಲಿ ಪಿಎಸ್‌ಎಲ್‌ವಿ-ಸಿ60ರ ಕೊನೆಯ ಹಂತದ ಮೇಲೆ ಹೈದರಾಬಾದಿನ ಕಂಪನಿಯೊಂದು ಇಂಥದೇ ಪ್ರಯೋಗಶಾಲೆ ಕೂರಿಸಿ ಕಳಿಸಿತು. ಇವೆಲ್ಲ ನಿಜ, ಇವೆಲ್ಲ ದೊಡ್ಡ ಕೆಲಸ. ಉಡುಪಿ ಪಕ್ಕದ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ಮುಂದಾಳತ್ವದಲ್ಲಿ ಆರ್ಯಭಟ ಕಟ್ಟಿದ ನಾಡಿನ ಮಾತು ಆಡುವವರು ನಾವು. ಉಪಗ್ರಹ ಬೇಡ ಅನ್ನುವಷ್ಟು ದಡ್ಡನಲ್ಲ ನಾನು.

ನನ್ನ ತಕರಾರು ಒಂದೇ. ಈ ಉಪಗ್ರಹ ಒಬ್ಬ ವಿದ್ಯಾರ್ಥಿ. ಅದು ಹುಟ್ಟುತ್ತಾ ಜಾಣ ಅಲ್ಲ. ಸಾವಿರಾರು ಚಿತ್ರ ತೋರಿಸಿ, ಇದು ಕಾಡು, ಇದು ಬೆಂಕಿ, ಇದು ಪಾಳು, ಇದು ಕಸ ಅಂತ ಯಾರೋ ಬೆರಳಿಟ್ಟು ಕಲಿಸಿರುತ್ತಾರೆ. ಆ ಮೇಷ್ಟ್ರು ಯಾರು? ಪಾಠದ ಪುಸ್ತಕ ಎಲ್ಲಿಯದು? ದೂರದ ಪಟ್ಟಣದಲ್ಲಿ ಕೂತವರು ಬರೆದ ಪುಸ್ತಕವನ್ನು ಗಡಿಯ ಮಕ್ಕಳಿಗೆ ಓದಿಸಿ ಒದ್ದಾಡುವ ನಮಗೆ ಈ ಪ್ರಶ್ನೆಯ ಬಿಸಿ ಬೇರೆಯವರಿಗಿಂತ ಚೆನ್ನಾಗಿ ಗೊತ್ತು. ಪುಸ್ತಕ ತಪ್ಪಾದರೆ ನಾವು ಹಲಗೆಯ ಮೇಲೆ ಅಳಿಸಿ ತಿದ್ದಿ ಹೇಳಬಹುದು. ಮೇಲೆ ಹೋದ ಈ ವಿದ್ಯಾರ್ಥಿ ಬೇಡ ಅಂತ ಬಿಸಾಡಿದ ಚಿತ್ರ ಮಾತ್ರ ಮತ್ತೆ ಯಾರಿಗೂ ಸಿಗುವುದಿಲ್ಲ.

ಬಿಸಾಡುವುದರಲ್ಲಿ ಏನಿದೆ ಮಹಾ ಅನ್ನುತ್ತೀರಾ? ದಿಂಡಿಗಲ್ ಜಿಲ್ಲೆಯ ಪಳನಿ ಬೆಟ್ಟಗಳನ್ನೇ ನೋಡಿ. ಕೊಡೈಕೆನಾಲ್ ಅಂತ ನಾವೆಲ್ಲ ಒಮ್ಮೆಯಾದರೂ ಪ್ರವಾಸ ಹೋದ ಜಾಗ. ಅಲ್ಲಿ ಹೋದವರು ಸಾಲು ಪೈನ್ ಮರಗಳ ನಡುವೆ ನಿಂತು ಫೋಟೊ ತೆಗೆಸಿಕೊಂಡು "ಆಹಾ ಎಂಥ ಕಾಡು" ಅನ್ನುತ್ತಾರೆ. ನಾನೂ ಅಂದಿದ್ದೇನೆ. ಆದರೆ ಆ ಬೆಟ್ಟದ ನೆತ್ತಿಯ ಮೇಲೆ ಮೊದಲು ಇದ್ದದ್ದು ಬಹುಪಾಲು ಹುಲ್ಲುಗಾವಲು, ಕಣಿವೆಗಳ ಸಂದಿಯಲ್ಲಿ ಶೋಲಾ ಕಾಡು. ಪೈನ್, ನೀಲಗಿರಿ, ವಾಟಲ್ ಎಲ್ಲ ಹೊರಗಿನಿಂದ ತಂದು ನೆಟ್ಟವು. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಾಲ್ಕು ದಶಕಗಳ ಉಪಗ್ರಹ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿತು. ಪಳನಿ ಬೆಟ್ಟಗಳ ಹುಲ್ಲುಗಾವಲಿನಲ್ಲಿ ಮೂರನೇ ಎರಡು ಭಾಗ ಕಾಣೆ! ನೆಡುತೋಪು ಮತ್ತು ಬೇಸಾಯ ಅದನ್ನು ನುಂಗಿದ್ದವು. ಹುಲ್ಲು ಹೋದರೆ ನೀರೂ ಹೋದಂತೆ. ಆ ಹುಲ್ಲಿನ ಬೇರು ಮಳೆಯ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಬಿಡುವುದರಿಂದಲೇ ಕೆಳಗಿನ ಹಳ್ಳಗಳು ಹರಿಯುವುದು.

ಈ ಸತ್ಯ ಹೊರಗೆ ಬಂದದ್ದು ಹೇಗೆ? 1970ರ ದಶಕದ ಲ್ಯಾಂಡ್‌ಸ್ಯಾಟ್ ಉಪಗ್ರಹ ಪೆದ್ದ ಆಗಿದ್ದರಿಂದ. ಅದಕ್ಕೆ ಇದು ಬೇಕು ಇದು ಬೇಡ ಅಂತ ಯಾರೂ ಕಲಿಸಿರಲಿಲ್ಲ, ಕಂಡದ್ದನ್ನು ಕೆಳಗೆ ಸುರಿಯಿತು. ಸುರಿದದ್ದನ್ನು ಯಾರೋ ಪುಣ್ಯಾತ್ಮರು ಎತ್ತಿಟ್ಟರು, 2008ರಲ್ಲಿ ಜಗತ್ತಿಗೆಲ್ಲ ಪುಕ್ಕಟೆ ತೆರೆದರು. ಆ ಕಾಲದಲ್ಲೇ ಒಂದು ಜಾಣ ಉಪಗ್ರಹ ಇದ್ದಿದ್ದರೆ? ಆಗಿನ ಕಾಲದ ಮೇಷ್ಟ್ರುಗಳು ಅದಕ್ಕೆ ಕಲಿಸುತ್ತಿದ್ದದ್ದು ಒಂದೇ: ಮರ ಇದ್ದರೆ ಕಾಡು, ಹುಲ್ಲು ಇದ್ದರೆ ಖಾಲಿ. ಖಾಲಿ ಜಾಗದ ಚಿತ್ರ ಯಾಕೆ, ಬಿಸಾಡು ಅನ್ನುತ್ತಿದ್ದರು. ಇವತ್ತು ಕಳೆದುಕೊಂಡದ್ದು ಏನು ಅಂತಲೂ ನಮಗೆ ತಿಳಿಯುತ್ತಿರಲಿಲ್ಲ.

ಆ ಪಾಠ ಈಗ ಬದಲಾಗಿದೆಯೇ ಅಂದರೆ ಅದೂ ಇಲ್ಲ. ದೇಶದ ಅರಣ್ಯ ವರದಿಯಲ್ಲಿ ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ಜಾಗದಲ್ಲಿ ನೂರಕ್ಕೆ ಹತ್ತರಷ್ಟು ಮರದ ನೆರಳಿದ್ದರೆ ಅದು ಅರಣ್ಯ ಹೊದಿಕೆ. ಯಾವ ಮರ, ಯಾರ ಮರ ಅಂತ ಕೇಳುವ ಹಾಗಿಲ್ಲ. ನೀಲಗಿರಿ ತೋಪೂ ಒಂದೇ, ಶೋಲಾವೂ ಒಂದೇ. ಇದೇ ಸೂತ್ರವನ್ನು ಯಂತ್ರಕ್ಕೆ ಕಲಿಸಿ ಮೇಲಕ್ಕೆ ಕಳಿಸಿದರೆ ಅದು ತಪ್ಪನ್ನೇ ಇನ್ನೂ ವೇಗವಾಗಿ, ಇನ್ನೂ ಧೈರ್ಯವಾಗಿ ಹೇಳುತ್ತದೆ.

ಕಳೆದ ಬೇಸಿಗೆ ರಜೆಯಲ್ಲಿ ಕಂಬಂ ಕಣಿವೆಗೆ ಹೋಗಿದ್ದೆ. ತರಬೇತಿಯಲ್ಲಿ ಜೊತೆಗಿದ್ದ ಗೆಳೆಯರೊಬ್ಬರ ಮನೆಯ ಮದುವೆ. ಅವರು ಕಾಪಿಲಿಯರು, ಒಕ್ಕಲಿಗ ಜನ. ಎಷ್ಟೋ ತಲೆಮಾರಿನ ಹಿಂದೆ ಕನ್ನಡ ನಾಡಿನಿಂದ ಹೋದವರು. ಮನೆಯೊಳಗೆ ಇವತ್ತಿಗೂ ಕನ್ನಡ, ಬರೆಯುವುದು ಓದುವುದು ತಮಿಳು. ಹಿರಿಯರೊಬ್ಬರು ನನ್ನನ್ನು ಕಂಬಂ ಊರಿನ ನಂದಗೋಪಾಲನ ಗುಡಿಯ ದೊಡ್ಡಿಗೆ ಕರೆದೊಯ್ದರು. ಅಲ್ಲಿ ದೇವರಿಗೆ ಬಿಟ್ಟ ದನಗಳ ಮಂದೆ ಇದೆ. ತಮಿಳರು ತಂಬಿರಾನ್ ಮಾಡು ಅನ್ನುತ್ತಾರೆ. 1906ರ ಮಧುರೆ ಜಿಲ್ಲಾ ಗೆಜೆಟಿಯರಿನಲ್ಲಿ ಅದರ ಹೆಸರು "ದೇವರ ಆವು" ಅಂತಲೇ ಇದೆ. ಎಂಥ ಹಳೆಯ ಸೊಗಸಾದ ಮಾತು ನೋಡಿ! ನಮ್ಮ ಕಡೆ ಆವು ಅನ್ನುವ ಮಾತು ಪುಸ್ತಕ ಸೇರಿ ಎಷ್ಟು ಕಾಲವಾಯಿತೋ.

ಈ ಕಣಿವೆಯ ಮಲೆಯ ದನಗಳು ಕೊಟ್ಟಿಗೆಯ ದನಗಳಲ್ಲ. ಬೆಟ್ಟದಲ್ಲಿ ಮೇಯ್ದು ಬದುಕುವಂಥವು. ಪಕ್ಕದ ಮೇಘಮಲೈ 2021ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2022ರ ಮಾರ್ಚಿನಲ್ಲಿ ಮದ್ರಾಸ್ ಹೈಕೋರ್ಟು ತಮಿಳುನಾಡಿನ ಕಾಡುಗಳಲ್ಲೆಲ್ಲ ದನ ಮೇಯಿಸುವುದನ್ನು ನಿಷೇಧಿಸಿತು, ಆಮೇಲೆ ಆ ನಿಷೇಧವನ್ನು ಹುಲಿ ಸಂರಕ್ಷಿತ ಪ್ರದೇಶ, ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ ಸೀಮಿತಗೊಳಿಸಿತು. ಕಾಡಿಗೆ ದನ ಒಳ್ಳೆಯದೋ ಕೆಟ್ಟದ್ದೋ ಅನ್ನುವ ದೊಡ್ಡ ಜಗಳಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ, ಎರಡು ಕಡೆಯೂ ನ್ಯಾಯವಿದೆ. ನಾನು ಹೇಳುವುದು ಬೇರೆ. ನಮ್ಮ ಸರ್ಕಾರ ಉಪಗ್ರಹ ಚಿತ್ರಗಳಿಂದ ಪಾಳುಭೂಮಿಯ ಅಟ್ಲಾಸ್ ಮಾಡಿ ಪ್ರಕಟಿಸುತ್ತದೆ. ಅದರಲ್ಲಿ ಕುರುಚಲು ನೆಲ ಕೂಡ ಪಾಳಿನ ಲೆಕ್ಕ. ಆ ಹಿರಿಯರ ಲೆಕ್ಕದಲ್ಲಿ ಅದು ಮೇವಿನ ನೆಲ. ಮೇಲಿನ ಯಂತ್ರ ಯಾರ ಲೆಕ್ಕ ಕಲಿಯುತ್ತದೆ? ನಾಳೆ ಅದೇ ಯಂತ್ರ ಬೆಟ್ಟದಲ್ಲಿ ದನದ ಮಂದೆ ಕಂಡೆ, ಅತಿಕ್ರಮಣ, ತಕ್ಷಣ ಬನ್ನಿ ಅಂತ ಸಂದೇಶ ಕಳಿಸುತ್ತದೆ. ಅದಕ್ಕೆ ಜೀಪು ಬೇಗ ಬರುತ್ತದೆ, ಅನುಮಾನವೇ ಬೇಡ. ಬೆಂಕಿ ಬಿದ್ದಾಗ ಅದೇ ದನಗಾಹಿಗೆ "ಅತ್ತ ಹೋಗಬೇಡಿ" ಅಂತ ಒಂದು ಸಂದೇಶ ಹೋಗುತ್ತದೆಯೇ? ಹಿರಿಯರಿಗೆ ನಾನು ಈ ಹೊಸ ಉಪಗ್ರಹದ ಕಥೆಯೆಲ್ಲ ಹೇಳಿದೆ. ಎಲೆ ಅಡಿಕೆ ಮೆಲ್ಲುತ್ತಾ ಕೇಳಿ, "ಅದು ಕಂಡದ್ದನ್ನ ಯಾರ್ ಹತ್ರ ಹೇಳುತ್ತೆ ವಾದ್ಯಾರೇ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅದೇ ಕಂಬಂ ಊರಿನ ಬೀದಿಗೆ 2023ರ ಮೇ 27ರಂದು ಅರಿಕೊಂಬನ್ ಆನೆ ನುಗ್ಗಿತ್ತು. ಕೇರಳದ ಚಿನ್ನಕ್ಕನಾಲಿನಿಂದ ಹಿಡಿದು ಪೆರಿಯಾರ್ ಕಾಡಿಗೆ ಬಿಟ್ಟ ಆನೆ, ಕುತ್ತಿಗೆಯಲ್ಲಿ ಉಪಗ್ರಹಕ್ಕೆ ಸುದ್ದಿ ಹೇಳುವ ಪಟ್ಟಿ. ಪಟ್ಟಿ ಇದ್ದೂ ಆನೆ ಪೇಟೆಯ ನಡುವೆ ಓಡಾಡಿತು, ಗಾಯಗೊಂಡ ಒಬ್ಬರು ಕೆಲವು ದಿನಗಳಲ್ಲಿ ತೀರಿಕೊಂಡರು, ಊರಿಗೆ 144ನೇ ಸೆಕ್ಷನ್ ಹಾಕಬೇಕಾಯಿತು. ಆನೆ ಎಲ್ಲಿದೆ ಅನ್ನುವುದು ಆಕಾಶಕ್ಕೆ ಗೊತ್ತಿದ್ದರೆ ಬೀದಿಯಲ್ಲಿ ಬೈಕು ಹತ್ತಿದವನಿಗೆ ಏನು ಲಾಭ?

ಇನ್ನು ಬೆಂಕಿಯ ಪಾಠ. ಇದು ನಮ್ಮ ಮನೆಯ ಹಿತ್ತಲಿನ ವಿಷಯ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ತರಗು ಬೆಂಕಿ ಅಂತ ಒಂದು ಪದ್ಧತಿ ಇತ್ತು. ಬೇಸಿಗೆ ಏರುವ ಮೊದಲೇ ನೆಲದ ತರಗೆಲೆಗೆ ಸಣ್ಣಗೆ ಬೆಂಕಿ ಹಾಕಿ ಸುಡುವುದು. ಮರಕ್ಕೆ ತಾಗದು, ಹುಲ್ಲು ಚಿಗುರುತ್ತದೆ, ಮುಂದೆ ದೊಡ್ಡ ಬೆಂಕಿಗೆ ಸೌದೆ ಉಳಿಯದು. ಅದನ್ನು ನಿಲ್ಲಿಸಿದ ಮೇಲೆ ಲಂಟಾನಾ ಹಬ್ಬಿ ಕಾಡೆಲ್ಲ ತುಂಬಿತು ಅಂತ ಸೋಲಿಗರು ಇವತ್ತಿಗೂ ಹೇಳುತ್ತಾರೆ, ಅಲ್ಲಿ ಕೆಲಸ ಮಾಡಿದ ಸಂಶೋಧಕರೂ ಬರೆದಿದ್ದಾರೆ. ನಮ್ಮ ತಾಳವಾಡಿ ಸುತ್ತಿನ ಹಾಡಿಗಳಲ್ಲೂ ಇದೇ ಮಾತು. ಲಂಟಾನಾ ಒಣಗಿ ಹೊತ್ತಿಕೊಂಡರೆ ಏನಾಗುತ್ತದೆ ಅನ್ನುವುದನ್ನು 2019ರ ಫೆಬ್ರವರಿಯಲ್ಲಿ ಪಕ್ಕದ ಬಂಡೀಪುರ ತೋರಿಸಿತು. ಹತ್ತು ಸಾವಿರ ಎಕರೆಗೂ ಮಿಕ್ಕಿ ಸುಟ್ಟಿದೆ ಅಂತ ಲೆಕ್ಕ ಕೊಟ್ಟದ್ದು ಉಪಗ್ರಹವೇ. ಸುಟ್ಟ ಮೇಲೆ. ನಾವು ಇತ್ತ ಹೊಗೆ ನೋಡುತ್ತಾ ಮಕ್ಕಳ ಕೆಮ್ಮು ಕೇಳುತ್ತಾ ಕೂತಿದ್ದೆವು.

ಜಾಣ ಉಪಗ್ರಹಕ್ಕೆ ತರಗು ಬೆಂಕಿಯೂ ಬೆಂಕಿ, ಬಂಡೀಪುರದ್ದೂ ಬೆಂಕಿ, ರೈತ ಬದುವಿನ ಕಸ ಸುಟ್ಟರೂ ಬೆಂಕಿ. ಮೂರರ ವ್ಯತ್ಯಾಸ ಗೊತ್ತಿರುವ ಸೋಲಿಗಜ್ಜನ ಹತ್ತಿರ ಕೂತು ಯಾವ ಎಂಜಿನಿಯರು ಪಾಠ ಬರೆದುಕೊಂಡ? ವ್ಯತ್ಯಾಸ ಕಲಿಯದ ಯಂತ್ರ ದಿನಕ್ಕೆ ನೂರು ಸುಳ್ಳು ಕೂಗು ಹಾಕುತ್ತದೆ. ತೋಳ ಬಂತು ತೋಳ ಕಥೆ ನಮಗೆ ಒಂದನೇ ತರಗತಿಯಿಂದ ಗೊತ್ತು. ಗಾರ್ಡು ಫೋನನ್ನು ಮಗುಚಿ ಇಡುತ್ತಾನೆ. ಹಾಗೆ ಮಗುಚಿ ಇಟ್ಟ ದಿನವೇ ಇನ್ನೊಂದು ಕುರಂಗಣಿ ಆದರೆ?

ಮೋಡದ ಮಾತು ಕಾಸರಗೋಡಿನ ಗೆಳೆಯರಿಗಾಗಿ. ಆಟಿ ತಿಂಗಳಲ್ಲಿ ನಿಮ್ಮ ಮೇಲೆ ಮೋಡ ಇಲ್ಲದ ಚಿತ್ರ ಎಷ್ಟು ಸಿಕ್ಕೀತು? ಗುಡ್ಡ ಜರಿಯುವುದೂ ಅದೇ ಮಳೆಯಲ್ಲಿ. 2018ರ ಆಗಸ್ಟಿನ ಕೊಡಗು, 2024ರ ಜುಲೈ 30ರ ವಯನಾಡು, ಎರಡೂ ಮೋಡದ ಕೆಳಗೆ ಆದದ್ದು. ವಯನಾಡಿನ ಗುಡ್ಡ ಜರಿದ ಮರುದಿನದ ಚಿತ್ರ ಸಿಕ್ಕಿದ್ದು ಮೋಡ ತೂರಿ ನೋಡುವ ರಾಡಾರ್ ಉಪಗ್ರಹದಿಂದ. 2025ರ ಜುಲೈನಲ್ಲಿ ಹಾರಿದ ನಿಸಾರ್ ಕೂಡ ಅಂಥದ್ದೇ, ಸಂತೋಷ. ಆದರೆ ಮೋಡ ಅಂದರೆ ಕಸ ಅಂತ ಕಲಿತ ಸಾಮಾನ್ಯ ಕ್ಯಾಮೆರಾದ ಉಪಗ್ರಹ ನಮ್ಮ ಮಳೆಗಾಲವನ್ನೇ ಪೂರ್ತಿ ಬಿಸಾಡುತ್ತದೆ. ಮೋಡದ ಸಂದಿಯಲ್ಲಿ ಕಂಡ ಒಂದು ಬಿರುಕು ಅದರಲ್ಲಿ ಇತ್ತೋ ಇಲ್ಲವೋ, ನೋಡಿದವರು ಯಾರು?

ಇಷ್ಟೆಲ್ಲ ಬೈದು ಕೈ ಕಟ್ಟಿ ಕೂತರೆ ಆಗುವುದಿಲ್ಲ. ನಮ್ಮ ಕೈಯಲ್ಲಿ ಇರುವುದೂ ಸ್ವಲ್ಪ ಇದೆ. 2023ರ ಭಾರತೀಯ ಬಾಹ್ಯಾಕಾಶ ನೀತಿಯ ಪ್ರಕಾರ ಐದು ಮೀಟರ್ ಮತ್ತು ಅದಕ್ಕಿಂತ ದಪ್ಪ ಚುಕ್ಕೆಯ ಸರ್ಕಾರಿ ಉಪಗ್ರಹ ಚಿತ್ರ ಎಲ್ಲರಿಗೂ ಪುಕ್ಕಟೆ ಸಿಗಬೇಕು. ಹಾಗಾದರೆ ಮೇಲೆಯೇ ಬಿಸಾಡಿದ ಚಿತ್ರದ ಗತಿಯೇನು, ಯಂತ್ರ ಏನು ಬಿಸಾಡಿತು ಅನ್ನುವ ಪಟ್ಟಿಯಾದರೂ ಸಿಗುತ್ತದೆಯೇ ಅಂತ ಕೇಳುವ ಹಕ್ಕು ನಮಗಿದೆ. ವಿಜ್ಞಾನ ಮೇಳಕ್ಕೆ ಬರುವ ಬಾಹ್ಯಾಕಾಶ ಇಲಾಖೆಯ ಅತಿಥಿಗಳನ್ನು ಮಕ್ಕಳ ಕೈಲೇ ಕೇಳಿಸಿ. ರಾಕೆಟ್ಟಿನ ಎತ್ತರ ಎಷ್ಟು ಅನ್ನುವ ಪ್ರಶ್ನೆ ಸಾಕಾಯಿತು.

ಎರಡನೆಯದು, ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ಬೆಂಕಿ ಎಚ್ಚರಿಕೆಗೆ ಅಧಿಕಾರಿಗಳೇ ಆಗಬೇಕೆಂದಿಲ್ಲ, ಯಾರು ಬೇಕಾದರೂ ತಮ್ಮ ಜಿಲ್ಲೆ ಆರಿಸಿ ಹೆಸರು ಕೊಡಬಹುದು. ಕಾಡಂಚಿನ ಪ್ರತಿ ಶಾಲೆಯ ಒಬ್ಬ ಮೇಷ್ಟ್ರಾದರೂ ಕೊಡಬೇಕು. ಸಂದೇಶದಲ್ಲಿ ಬರುವ ಅಕ್ಷಾಂಶ ರೇಖಾಂಶದ ಅಂಕಿ ನೋಡಿ ದನ ಕಾಯುವವನಿಗೆ ಏನೂ ತಿಳಿಯದು. ಅದು ಯಾವ ಹಳ್ಳದ ಪಕ್ಕ, ಯಾವ ಗುಡ್ಡೆಯ ಹಿಂದೆ ಅಂತ ಹೇಳಬಲ್ಲವರು ಆ ಊರಿನ ಮಕ್ಕಳು ಮಾತ್ರ. ಕಂಬಂನಲ್ಲಿ ಅದು ತಮಿಳಿನಲ್ಲಿ ಹೋಗಲಿ, ನಮ್ಮಲ್ಲಿ ಕನ್ನಡದಲ್ಲಿ, ಹಾಡಿಯಲ್ಲಿ ಸೋಲಿಗರ ಮಾತಿನಲ್ಲಿ. ಭಾಷೆಯ ಹಟ ನನಗೆ ಇಲ್ಲಿಲ್ಲ, ಕಿವಿಗೆ ಬೀಳಬೇಕು ಅಷ್ಟೇ.

ನಮ್ಮ ಶಾಲೆಯ ಎಂಟನೇ ತರಗತಿಯಲ್ಲಿ ಈ ಜನವರಿಯಿಂದ ಒಂದು ಬೆಂಕಿ ಪುಸ್ತಕ ಇಟ್ಟಿದ್ದೇವೆ. ಇನ್ನೂರು ಪುಟದ ಸಾದಾ ನೋಟು ಪುಸ್ತಕ. ಎಲ್ಲಿ ಹೊಗೆ ಕಂಡಿತು, ಯಾವ ದಿನ, ಎಷ್ಟು ಹೊತ್ತಿಗೆ, ಏನು ಸುಟ್ಟಿತು, ಹುಲ್ಲೋ ಲಂಟಾನಾವೋ ಬಿದಿರೋ, ಯಾರು ಆರಿಸಿದರು, ಹೇಗೆ ಆರಿತು. ಫೋನಿಗೆ ಬಂದ ಎಚ್ಚರಿಕೆ ಎಷ್ಟು ಗಂಟೆಗೆ ಅನ್ನುವುದಕ್ಕೆ ಪಕ್ಕದಲ್ಲಿ ಇನ್ನೊಂದು ಕಾಲಂ. ಒಂದು ಪುಟ ಬಿಟ್ಟು ಒಂದು ಪುಟ ಅಜ್ಜ ಅಜ್ಜಿಯರು ಹೇಳಿದ್ದು. ಬದುವಿನ ಕಸದ ಬೆಂಕಿಯನ್ನೂ ಬರೆಯುತ್ತಾರೆ, ಬೇಡ ಅಂತ ನಾನು ಹೇಳಿಲ್ಲ. ನಿಮ್ಮ ಶಾಲೆಯೂ ಕಾಡಿನ ಪಕ್ಕದಲ್ಲಿದ್ದರೆ ಮುಂದಿನ ಬೇಸಿಗೆಗೆ ಮೊದಲೇ ಒಂದು ಶುರು ಮಾಡಿ. ಕಾಲಂ ಹೇಗೆ ಹಾಕಿದ್ದೇವೆ ಅಂತ ಬೇಕಿದ್ದರೆ ಪುಟದ ನಕಲು ಅಂಚೆಯಲ್ಲಿ ಕಳಿಸುತ್ತೇನೆ.